ಎರಡನೇ ಹಾಳೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತಾರಲ್ಲ, ಅದಕ್ಕೆ ಇನ್ನೊಂದು ಸೇರಿಸಬೇಕು ಅನ್ನೋದು ನನ್ನ ಅಭಿಪ್ರಾಯ: ಕಾಲೇಜಿನಲ್ಲಿ ಫುಟ್‌ಬಾಲ್ ತಂಡ ಕಟ್ಟಿ ನೋಡು.

ನಾನು ನೋಡಿದ್ದೇನೆ. ಅದಾದ ಮೇಲೆ ಫುಟ್‌ಬಾಲ್ ಸಿನಿಮಾಗಳನ್ನು ಮೊದಲಿನ ಹಾಗೆ ಸುಮ್ಮನೆ ಕೂತು ನೋಡೋಕೆ ಆಗ್ತಿಲ್ಲ. ಇವತ್ತಿನ ಬರಹ ಅಂಥ ಎರಡು ಸಿನಿಮಾಗಳ ಬಗ್ಗೆ. ಒಂದು, ನಾಗರಾಜ ಮಂಜುಳೆ ಅವರ ‘ಝುಂಡ್’ (2022). ಇನ್ನೊಂದು, ಅಮಿತ್ ಶರ್ಮಾ ಅವರ ‘ಮೈದಾನ್’ (2024). ಎರಡರಲ್ಲೂ ಒಬ್ಬ ಮೇಷ್ಟ್ರು ಇದ್ದಾರೆ, ರೊಕ್ಕ ಇಲ್ಲದ ಹುಡುಗರು ಇದ್ದಾರೆ, ಒಂದು ತಂಡ ಹುಟ್ಟುತ್ತದೆ. ನನ್ನ ತಕರಾರು ಒಂದೇ. ಆ ತಂಡಕ್ಕೆ ಎಷ್ಟು ಖರ್ಚಾಯಿತು, ಆ ಖರ್ಚು ಯಾರು ಕೊಟ್ಟರು ಅನ್ನೋ ಪ್ರಶ್ನೆಯನ್ನು ಈ ಸಿನಿಮಾಗಳು ಎಲ್ಲಿ ಕೇಳುತ್ತವೆ, ಎಲ್ಲಿ ಕೇಳದೆ ದಾಟಿ ಹೋಗುತ್ತವೆ?

ಸಿನಿಮಾಕ್ಕೆ ಹೋಗುವ ಮುಂಚೆ ನಮ್ಮ ಕಥೆ ಹೇಳಿಬಿಡ್ತೀನಿ. ಚಿಟಗುಪ್ಪ ಸೀಮೆಯ ಒಂದು ಕಾಲೇಜು, ಹೆಸರು ಬೇಡ. ನಾನು ಅಲ್ಲಿ ಪಾಠ ಮಾಡುವವನು. ಆಟಕ್ಕೂ ನನಗೂ ಸಂಬಂಧ ಅಂದ್ರೆ ಟಿ.ವಿ. ಮಾತ್ರ. ‘ಝುಂಡ್’ ನೋಡಿ ಬಂದ ಉಮೇದಿನಲ್ಲಿ ಸ್ಟಾಫ್ ರೂಮಿನಲ್ಲಿ ‘ನಮ್ಮಲ್ಲೂ ಒಂದು ಫುಟ್‌ಬಾಲ್ ಟೀಮ್ ಯಾಕಿರಬಾರದು?’ ಅಂದೆ. ಆ ಮಾತು ಮೇಲಿನವರ ಕಿವಿಗೆ ಬಿತ್ತು. ‘ನೀವೇ ಒಂದು ಎಸ್ಟಿಮೇಟ್ ಮಾಡಿ ಕೊಡಿ’ ಅಂದರು. ನಮ್ಮ ಕಡೆ ಬಾಯಿ ಬಿಟ್ಟವನೇ ಭಾರ ಹೊರಬೇಕು.

ಪಿ.ಟಿ. ಸರ್ ಜೊತೆ ಕೂತು ಲೆಕ್ಕ ಹಾಕಿದೆ. ಮೊದಲನೇ ಹಾಳೆ ಹೀಗಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನ ಎರಡು ಗೋಲ್ ಪೋಸ್ಟ್, ಅಂದಾಜು 24,000 ರೂಪಾಯಿ. ನೆಟ್‌ಗೆ 4,000. ಆರು ಚೆಂಡು, ಒಂದಕ್ಕೆ 900ರಂತೆ 5,400. ಹದಿನೆಂಟು ಜನಕ್ಕೆ ಜರ್ಸಿ-ಚಡ್ಡಿ 8,100. ಹದಿನೆಂಟು ಜೊತೆ ಬೂಟು 19,800. ಮೊಣಕಾಲ ಕೆಳಗೆ ಕಟ್ಟುವ ಗಾರ್ಡು, ಗೋಲಿಯ ಗ್ಲೌಸು, ಗಾಳಿ ಪಂಪು, ಔಷಧಿ ಡಬ್ಬಿ ಎಲ್ಲ ಸೇರಿ 6,700. ನೆಲ ಸಮ ಮಾಡಲು ಜೆಸಿಬಿಗೆ ಹತ್ತು ತಾಸಿನ ಬಾಡಿಗೆ 12,000. ಒಟ್ಟು 80,000 ರೂಪಾಯಿ.

ನೆಲ ನಮ್ಮದೇ ಇತ್ತು, ಅದು ದೊಡ್ಡ ಪುಣ್ಯ. ಫುಟ್‌ಬಾಲಿಗೆ ಬೇಕಾದ ಜಾಗ ಕಮ್ಮಿಯೇನಲ್ಲ. ದೊಡ್ಡ ಪಂದ್ಯಗಳ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದ್ರೆ ಒಂದು ಮುಕ್ಕಾಲು ಎಕರೆ. ಸುತ್ತ ಓಡಾಡಲು ಜಾಗ ಬಿಟ್ಟರೆ ಎರಡು ಎಕರೆ. ಕಬಡ್ಡಿಗೆ ಸಾಕಾಗುವುದು 13 ಮೀಟರ್ ಉದ್ದ, 10 ಮೀಟರ್ ಅಗಲ. ಕಾಲೇಜುಗಳು ಕಬಡ್ಡಿ, ಖೋಖೋ, ವಾಲಿಬಾಲ್ ಅಂತ ಯಾಕೆ ನಿಂತುಬಿಡುತ್ತವೆ ಅನ್ನೋದು ಈ ಎರಡು ಅಳತೆ ನೋಡಿದರೇ ತಿಳಿಯುತ್ತದೆ. ಸಾಲದ್ದಕ್ಕೆ ಬೀದರ್ ಜಿಲ್ಲೆಯ ಮಣ್ಣು. ಒಂದು ಕಡೆ ಜಂಬಿಟ್ಟಿಗೆಯ ಕೆಂಪು ನೆಲ, ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳೀತದ. ಇನ್ನೊಂದು ಕಡೆ ಎರೆ ನೆಲ, ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು.

ಲೆಕ್ಕ ಮುಗೀತು ಅಂತ ಪೆನ್ನು ಮುಚ್ಚಿದೆ. ಪಿ.ಟಿ. ಸರ್ ನಕ್ಕರು. ‘ಸರ್, ಇದು ಅಂಗಡಿ ಬಿಲ್ ಆಯ್ತ್ರಿ. ಟೀಮಿನ ಬಿಲ್ ಎಲ್ಲ್ಯದ? ಇನ್ನೊಂದು ಹಾಳಿ ತಗೀರಿ.’

ತೆಗೆದೆ. ಎರಡನೇ ಹಾಳೆ, ವರ್ಷಾ ವರ್ಷಾ ಬರುವ ಖರ್ಚು. ಕೋಚ್‌ಗೆ ತಿಂಗಳಿಗೆ 10,000ರಂತೆ ಎಂಟು ತಿಂಗಳು, 80,000. ಪ್ರಾಕ್ಟೀಸ್ ಮುಗಿದ ಮೇಲೆ ಬಾಳೆಹಣ್ಣು, ಮೊಟ್ಟೆ, ಶೇಂಗಾ. ತಲೆಗೆ 25 ರೂಪಾಯಿ, ಇಪ್ಪತ್ತು ಹುಡುಗರು, 120 ದಿನ, ಒಟ್ಟು 60,000. ಬೀದರ್, ಕಲಬುರಗಿ ಅಂತ ವರ್ಷಕ್ಕೆ ನಾಲ್ಕು ಸಲ ಆಡಲು ಹೋದರೆ ಕ್ರೂಸರ್ ಬಾಡಿಗೆ 28,000, ಊಟ-ವಸತಿ 24,000. ಹರಿದ ಬೂಟು, ಒಡೆದ ಚೆಂಡು, ತುಂಡಾದ ನೆಟ್ ಬದಲಿಸಲು 20,000. ಗೆರೆ ಹಾಕುವ ಸುಣ್ಣ, ನೀರಿನ ಟ್ಯಾಂಕರು 10,000. ಕಾಲು ಉಳುಕಿದರೆ, ಮೂಳೆ ಮುರಿದರೆ ದವಾಖಾನೆಗೆ ಅಂತ ತೆಗೆದಿಡಬೇಕಾದ್ದು 15,000. ಕೂಡಿಸಿದರೆ 2,37,000 ರೂಪಾಯಿ.

ಅಂದ್ರೆ ಶುರು ಮಾಡುವ ಖರ್ಚಿನ ಮೂರು ಪಟ್ಟು, ಪ್ರತಿ ವರ್ಷ. ಡಿಗ್ರಿಗೆ ಸೇರಿದ ಹುಡುಗ ಮೂರು ವರ್ಷ ಆಡಿ ಹೋಗುವಷ್ಟರಲ್ಲಿ ಎಂಟು ಲಕ್ಷಕ್ಕೆ ಒಂಬತ್ತು ಸಾವಿರ ಮಾತ್ರ ಕಮ್ಮಿ. ಇವೆಲ್ಲ ನಮ್ಮ ಅಂದಾಜಿನ ಅಂಕಿಗಳು, ನಿಮ್ಮ ಊರಲ್ಲಿ ಹೆಚ್ಚು ಕಮ್ಮಿ ಆಗಬಹುದು. ಎರಡು ಹಾಳೆಗಳ ನಡುವಿನ ಅಂತರ ಮಾತ್ರ ಎಲ್ಲಾ ಕಡೆ ಇದ್ದೇ ಇರುತ್ತದೆ.

ಮೀಟಿಂಗಿನಲ್ಲಿ ಮೊದಲನೇ ಹಾಳೆ ಹತ್ತು ನಿಮಿಷದಲ್ಲಿ ಪಾಸಾಯಿತು. ಜರ್ಸಿಗೆ ದಾನಿಯೊಬ್ಬರು ತಾವಾಗೇ ಮುಂದೆ ಬಂದರು, ಬೆನ್ನ ಮೇಲೆ ಅವರ ಫೋಟೋ ಬರಬೇಕು ಅನ್ನೋ ಕರಾರಿನ ಮೇಲೆ. ಎರಡನೇ ಹಾಳೆಗೆ ಬಂದ ಉತ್ತರ: ‘ಮುಂದ ನೋಡೋಣು, ಮೊದಲ ಚಾಲೂ ಅಂತೂ ಆಗ್ಲಿ.’

ಚಾಲೂ ಆಯ್ತು. ಉದ್ಘಾಟನೆ ಆಯ್ತು, ಪೇಪರಿನಲ್ಲಿ ಫೋಟೋ ಬಂತು. ಮುಂದಿನ ಕಥೆ ಆಮೇಲೆ ಹೇಳ್ತೀನಿ. ಈಗ ಸಿನಿಮಾ.

‘ಝುಂಡ್’ ನಾಗಪುರದ ಕಥೆ. ಹಿಸ್ಲಾಪ್ ಕಾಲೇಜಿನ ಕ್ರೀಡಾ ಅಧ್ಯಾಪಕರಾಗಿದ್ದ ವಿಜಯ್ ಬಾರ್ಸೆ ಅವರು 2001ರಲ್ಲಿ ಕೊಳೆಗೇರಿಯ ಹುಡುಗರ ಜೊತೆ ಶುರು ಮಾಡಿದ ‘ಸ್ಲಂ ಸಾಕರ್’ ಇದಕ್ಕೆ ಆಧಾರ. ಸಿನಿಮಾದಲ್ಲಿ ಅವರ ಹೆಸರು ವಿಜಯ್ ಬೋರಾಡೆ, ಪಾತ್ರ ಅಮಿತಾಭ್ ಬಚ್ಚನ್ ಅವರದು. ಮಳೆಯಲ್ಲಿ ಹುಡುಗರು ಒಂದು ಡಬ್ಬಿಯನ್ನು ಒದೆಯುತ್ತಾ ಆಡೋದನ್ನು ಮೇಷ್ಟ್ರು ನೋಡುತ್ತಾರೆ. ಮರುದಿನ ಚೆಂಡು ತಂದು, ಅರ್ಧ ಗಂಟೆ ಆಡಿದರೆ 500 ರೂಪಾಯಿ ಕೊಡ್ತೀನಿ ಅನ್ನುತ್ತಾರೆ.

ಈ 500 ರೂಪಾಯಿ ಸಣ್ಣ ಮಾತಲ್ಲ. ಆಟ ಅಂದ್ರೆ ಪುಕ್ಕಟೆ, ಆಡುವವನ ಸಮಯಕ್ಕೆ ಬೆಲೆ ಇಲ್ಲ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಬಡವರ ಮನೆಯ ಹುಡುಗನ ಒಂದು ತಾಸಿಗೂ ರೇಟು ಇದೆ, ಅದನ್ನು ಯಾರಾದರೂ ಕೊಡಬೇಕು ಅಂತ ಮಂಜುಳೆ ಮೊದಲ ಅರ್ಧ ಗಂಟೆಯಲ್ಲೇ ಹೇಳಿಬಿಡುತ್ತಾರೆ. ‘ಫ್ಯಾಂಡ್ರಿ’, ‘ಸೈರಾಟ್’ ಮಾಡಿದ ಮನುಷ್ಯನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ?

ಆದರೆ ಒಂದು ದಿನ ಮೇಷ್ಟ್ರು ರೊಕ್ಕ ಕೊಡೋದು ನಿಲ್ಲಿಸುತ್ತಾರೆ. ಹುಡುಗರಿಗೆ ಅಷ್ಟರಲ್ಲಿ ಆಟದ ಹುಚ್ಚು ಹಿಡಿದಿರುತ್ತದೆ, ರೊಕ್ಕ ಇಲ್ಲದೆಯೂ ಆಡುತ್ತಾರೆ. ಥಿಯೇಟರಿನಲ್ಲಿ ನಾನು ಚಪ್ಪಾಳೆ ಹೊಡೆದದ್ದು ಇಲ್ಲೇ. ಈಗ ಮತ್ತೆ ನೋಡಿದರೆ ಸಿನಿಮಾ ಕೈ ಬಿಟ್ಟದ್ದೂ ಇಲ್ಲೇ ಅನ್ನಿಸುತ್ತದೆ. ಪ್ರೀತಿ ಹುಟ್ಟಿದ ಮೇಲೆ ಖರ್ಚು ಮಾಯ. ಆಡಿ ಹಸಿದ ಹುಡುಗರು ಏನು ತಿಂದರು ಅನ್ನೋದು ಆಮೇಲೆ ಕಥೆಯ ಪ್ರಶ್ನೆಯಾಗಿ ಉಳಿಯೋದಿಲ್ಲ. ಪಿ.ಟಿ. ಸರ್‌ಗೆ ಈ ಸಿನಿಮಾ ತೋರಿಸಿದಾಗ ಅವರು ಕೇಳಿದ್ದು ಒಂದೇ: ‘ಎಲ್ಲಾ ಛಲೋ ಅದರಿ ಸರ್. ಇವಕ್ಕ ದಿನಾ ಬಾಳೆಹಣ್ಣ ಯಾರ್ ಕೊಟ್ರು?’

ಆದರೂ ‘ಝುಂಡ್’ ಮೇಲೆ ನನಗೆ ಗೌರವ ಇದೆ, ಅದರ ಎರಡನೇ ಅರ್ಧದಿಂದಾಗಿ. ಪರದೇಶಕ್ಕೆ ಹೋಗುವ ತಂಡಕ್ಕೆ ಪಾಸ್‌ಪೋರ್ಟ್ ಬೇಕು. ರಿಂಕು ರಾಜಗುರು ಮಾಡಿರುವ ಮೋನಿಕಾ ಬುಡಕಟ್ಟಿನ ಹುಡುಗಿ. ಅವಳ ಹತ್ತಿರ, ಅವಳ ಅಪ್ಪನ ಹತ್ತಿರ, ತಾವು ತಾವೇ ಅಂತ ಹೇಳುವ ಕಾಗದ ಇಲ್ಲ. ಅಪ್ಪ-ಮಗಳು ಆ ಕಚೇರಿಯಿಂದ ಈ ಕಚೇರಿಗೆ ತಿರುಗುತ್ತಾರೆ. ವಿಮರ್ಶಕರು ಕೆಲವರು ಈ ಭಾಗ ಉದ್ದವಾಯಿತು, ಕಥೆ ನಿಂತುಹೋಯಿತು ಅಂದರು. ನನಗೆ ಸಿನಿಮಾದ ಜೀವ ಇರೋದೇ ಇಲ್ಲಿ ಅನ್ನಿಸಿತು. ಕಳೆದುಹೋದ ಕೂಲಿ, ಬಸ್ ಚಾರ್ಜು, ಝೆರಾಕ್ಸು, ‘ನಾಳೆ ಬಾ’ ಅನ್ನೋ ಮಾತು, ಇವೂ ತಂಡದ ಖರ್ಚೇ. ಯಾವ ಎಸ್ಟಿಮೇಟಿನಲ್ಲೂ ಇವಕ್ಕೆ ಕಾಲಂ ಇರೋದಿಲ್ಲ. ಆ ಖರ್ಚು ಹೊತ್ತವರು ಅಪ್ಪ-ಮಗಳು, ಮೇಷ್ಟ್ರಲ್ಲ. ಪಂದ್ಯದಲ್ಲಿ ಅವಳು ಎಷ್ಟು ಜೋರಾಗಿ ಒದ್ದಳು ಅನ್ನೋದಕ್ಕಿಂತ ಆ ತಿರುಗಾಟ ನನಗೆ ಹೆಚ್ಚು ನೆನಪಿದೆ.

‘ಮೈದಾನ್’ ಬೇರೆ ಥರದ ಸಿನಿಮಾ. ಇದು ಸೈಯದ್ ಅಬ್ದುಲ್ ರಹೀಮ್ ಅವರ ಕಥೆ. ಪಾತ್ರ ಅಜಯ್ ದೇವಗನ್ ಅವರದು, ಸಂಗೀತ ಎ.ಆರ್. ರೆಹಮಾನ್ ಅವರದು. ರಹೀಮ್ ಸಾಹೇಬರು ಹೈದರಾಬಾದಿನವರು, ಉಸ್ಮಾನಿಯಾದಲ್ಲಿ ಓದಿದವರು, ಶಾಲಾ ಮೇಷ್ಟ್ರಾಗಿದ್ದವರು. ನಮಗೆ ದೂರದವರೇನಲ್ಲ. ಚಿಟಗುಪ್ಪ ಆಗ ಪಾಯಿಗಾ ಜಾಗೀರಿನ ಊರು, ನಮ್ಮ ಹಿರಿಯರಿಗೆ ದೊಡ್ಡ ಪಟ್ಟಣ ಅಂದ್ರೆ ಹೈದರಾಬಾದೇ. 1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ನವೆಂಬರಿನಲ್ಲಿ ರಹೀಮ್ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋಗಿತ್ತು. ನಾಲ್ಕನೇ ಸ್ಥಾನ ಬಂತು. ಭಾರತದ ಫುಟ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಅದಕ್ಕಿಂತ ಮೇಲೆ ಯಾವತ್ತೂ ಹೋಗಿಲ್ಲ. ಹಾಗಾಗಿ ಸಿನಿಮಾ ನೋಡಲು ಕೂತಾಗ ನಮ್ಮ ಮನೆಯ ಕಥೆ ನೋಡುವ ಆಸೆ ನನಗಿತ್ತು.

ಸಿನಿಮಾದಲ್ಲಿ ರೊಕ್ಕದ ಮಾತು ಮುಖ್ಯವಾಗಿ ಬರುವುದು 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಮುಂಚೆ. ತಂಡ ಕಳಿಸಲು ಸರ್ಕಾರದ ಹತ್ತಿರ ದುಡ್ಡಿಲ್ಲ. ರಹೀಮ್ ಹಣಕಾಸು ಮಂತ್ರಿಯ ಮುಂದೆ ನಿಂತು ಮಾತಾಡುತ್ತಾರೆ, ಕೊನೆಗೆ ಆಟಗಾರರ ಸಂಖ್ಯೆ ಕಮ್ಮಿ ಮಾಡಿ ಕಳಿಸಲು ಒಪ್ಪಿಗೆ ಸಿಗುತ್ತದೆ. ಮುಂದೆ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದದ್ದು ಇತಿಹಾಸ. ಸೀನು ಚೆನ್ನಾಗಿದೆ, ಇಲ್ಲ ಅನ್ನೋದಿಲ್ಲ. ಇದೇ ಸೀನಿನ ಅಕ್ಕನನ್ನು ನೀವು ‘ಚಕ್ ದೇ! ಇಂಡಿಯಾ’ದಲ್ಲಿ (2007) ನೋಡಿದ್ದೀರಿ. ಅಲ್ಲೂ ಮೇಲಿನವರು ಹೆಣ್ಣುಮಕ್ಕಳ ತಂಡವನ್ನು ವಿಶ್ವಕಪ್‌ಗೆ ಕಳಿಸಲು ಒಲ್ಲೆ ಅಂತಾರೆ, ಗಂಡಸರ ತಂಡದ ಜೊತೆ ಒಂದು ಪಂದ್ಯ ಆಡಿ ತೋರಿಸಿದ ಮೇಲೆ ಒಪ್ಪುತ್ತಾರೆ.

ನಮ್ಮ ಕ್ರೀಡಾ ಸಿನಿಮಾಗಳಿಗೆ ಖರ್ಚು ಅಂದ್ರೆ ಇಷ್ಟೇ: ಕೊನೆಯ ಪ್ರಯಾಣದ ವಿಮಾನ ಟಿಕೆಟ್ಟು. ಮೇಜಿನ ಆ ಕಡೆ ಒಬ್ಬ ಕಲ್ಲು ಮನಸ್ಸಿನ ಅಧಿಕಾರಿ, ಈ ಕಡೆ ಒಬ್ಬ ಮೇಷ್ಟ್ರು. ಮೇಷ್ಟ್ರು ಒಂದು ಭಾಷಣ ಮಾಡಿದರೆ ಬೊಕ್ಕಸ ತೆರೆಯುತ್ತದೆ. ಒಂದೇ ಸಲ ಕೊಟ್ಟು ಮುಗಿಸುವ ಖರ್ಚು, ಫೋಟೋ ತೆಗೆಯಬಹುದಾದ ಖರ್ಚು. ನಮ್ಮ ಮೀಟಿಂಗಿನಲ್ಲಿ ಹತ್ತು ನಿಮಿಷದಲ್ಲಿ ಪಾಸಾದ ಹಾಳೆಯೂ ಇದೇ ಜಾತಿಯದು.

ಹಾಗಾದರೆ ರಹೀಮ್ ಅವರ ಹೈದರಾಬಾದಿನಲ್ಲಿ ಎರಡನೇ ಹಾಳೆಗೆ ಸಹಿ ಹಾಕಿದವರು ಯಾರು? ಪೊಲೀಸ್ ಇಲಾಖೆ. ರಹೀಮ್ ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಆಟಗಾರರಿಗೆ ಇಲಾಖೆಯಲ್ಲಿ ನೌಕರಿ, ತಿಂಗಳು ತಿಂಗಳು ಪಗಾರ. ಮೇಷ್ಟ್ರ ಬುದ್ಧಿ, ಹುಡುಗರ ಕಾಲು ಎರಡೂ ದೊಡ್ಡವೇ. ಅವೆರಡನ್ನೂ ಹತ್ತು-ಹನ್ನೆರಡು ವರ್ಷ ಒಂದೇ ಮೈದಾನದಲ್ಲಿ ಹಿಡಿದಿಟ್ಟದ್ದು ಮಾತ್ರ ಆ ಪಗಾರ. ಮೂರು ತಾಸಿನ ‘ಮೈದಾನ್’ನಲ್ಲಿ ಈ ಪಗಾರದ ಕಥೆಗೆ ಸಿಕ್ಕ ಜಾಗ ತೀರಾ ಕಮ್ಮಿ. ಫೆಡರೇಷನ್ನಿನ ಕೋಣೆಯ ಜಗಳ, ಪತ್ರಕರ್ತನ ಕುತಂತ್ರಕ್ಕೆ ಕೊಟ್ಟ ಸಮಯದಲ್ಲಿ ಕಾಲು ಭಾಗವನ್ನು ಹೈದರಾಬಾದಿನ ಮೈದಾನಗಳಿಗೆ ಕೊಟ್ಟಿದ್ದರೂ ಸಿನಿಮಾ ಬೇರೆಯೇ ಆಗುತ್ತಿತ್ತು. ಒಬ್ಬ ಮಹಾಪುರುಷ ಬಂದ, ತಂಡ ಎದ್ದಿತು, ಅವರು ಹೋದರು, ತಂಡ ಬಿದ್ದಿತು ಅನ್ನೋ ಭಾವನೆ ಉಳಿಯುತ್ತದೆ. 1963ರಲ್ಲಿ ರಹೀಮ್ ತೀರಿಕೊಂಡದ್ದು ದೊಡ್ಡ ನಷ್ಟ, ಖರೇ. ಆದರೆ ಬರೀ ಒಬ್ಬ ಮನುಷ್ಯನ ಮೇಲೆ ಕಟ್ಟಿದ ಕಥೆ ನೋಡಿದ ಚಿಟಗುಪ್ಪದ ಹುಡುಗ ಏನು ಕಲಿಯುತ್ತಾನೆ? ತನಗೂ ಒಬ್ಬ ಮಹಾಪುರುಷ ಬರಲಿ ಅಂತ ಕಾಯುತ್ತಾ ಕೂರುತ್ತಾನೆ.

ಬೆಂಗಳೂರಿನ ಕಥೆಯೂ ಬೇರೆ ಅಲ್ಲ. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ತಂಡ, ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. ಟೆಲಿಫೋನ್ ಮಾಡುವ ಕಾರ್ಖಾನೆ ಆಟಗಾರರಿಗೆ ಕೆಲಸ ಕೊಟ್ಟಿತ್ತು. ಎಚ್.ಎ.ಎಲ್. ಕೂಡ ಹಾಗೇ ವರ್ಷಗಟ್ಟಲೆ ತಂಡ ಸಾಕಿತು. ಅಂಥ ತಂಡಗಳು ಒಂದೊಂದಾಗಿ ಹಿಂದೆ ಸರಿದವು. ನಮ್ಮ ರಾಜ್ಯ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಮತ್ತೆ ಗೆಲ್ಲಲು 2023ರ ಮಾರ್ಚ್ ಬರಬೇಕಾಯಿತು. ಎಲ್ಲದಕ್ಕೂ ಪಗಾರವೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಲೆಕ್ಕದಲ್ಲಿ ಅದನ್ನು ಬಿಟ್ಟರೆ ಲೆಕ್ಕ ಕೂಡೋದಿಲ್ಲ.

‘ಅಮೆರಿಕದಾಗ ಕಾಲೇಜುಗಳೇ ಮಾಡ್ತಾವಲ್ರಿ’ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದರು. ಅಲ್ಲಿನ ಫುಟ್‌ಬಾಲ್ ನಮ್ಮದಲ್ಲ, ಕೈಯಲ್ಲಿ ಚೆಂಡು ಹಿಡಿದು, ತಲೆಗೆ ಹೆಲ್ಮೆಟ್ ಹಾಕಿ ಆಡುವ ಆಟ. ಮೇಲಿನ ದರ್ಜೆಯ ಕಾಲೇಜು ತಂಡವೊಂದು 85 ಆಟಗಾರರಿಗೆ ಸ್ಕಾಲರ್‌ಶಿಪ್ ಕೊಡುವ ಪದ್ಧತಿ ಬಹಳ ವರ್ಷ ಇತ್ತು. ಅಂಥ ಕಡೆಯೂ ಎರಡನೇ ಹಾಳೆ ಬಿಟ್ಟಿಲ್ಲ. ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯ ಖರ್ಚು ತಾಳಲಾರದೆ 2014ರ ಡಿಸೆಂಬರಿನಲ್ಲಿ ತಂಡವನ್ನೇ ಮುಚ್ಚಿತು. ವಿದ್ಯಾರ್ಥಿಗಳು, ಊರಿನವರು ಗಲಾಟೆ ಮಾಡಿ, ದೇಣಿಗೆ ಕೂಡಿಸಿದ ಮೇಲೆ 2015ರಲ್ಲಿ ತೀರ್ಮಾನ ಬದಲಾಯಿತು. 2017ರಲ್ಲಿ ತಂಡ ಮತ್ತೆ ಆಡಿತು. ಇಲ್ಲಿ ನನಗೆ ಕಂಡದ್ದು ಒಂದೇ: ಮುಚ್ಚುವಾಗ ಅವರು ಕಾರಣ ಬಾಯಿ ಬಿಟ್ಟು ಹೇಳಿದರು, ಹಾಗಾಗಿ ಜನ ಉತ್ತರ ಕೊಟ್ಟರು. ನಮ್ಮಲ್ಲಿ ತಂಡ ಮುಚ್ಚಿದ್ದು ಯಾರಿಗೂ ಗೊತ್ತಾಗೋದೇ ಇಲ್ಲ.

ನಮ್ಮ ತಂಡ ಮುಚ್ಚಿದ್ದೂ ಹಾಗೇ. ಮೊದಲ ವರ್ಷ ಪಿ.ಟಿ. ಸರ್ ತಮ್ಮ ಕೈಯಿಂದ ಬಾಳೆಹಣ್ಣು ತಂದರು, ನಾನು ಎರಡು ಸಲ ಕ್ರೂಸರ್ ಬಾಡಿಗೆ ಕೊಟ್ಟೆ, ಕೋಚ್ ಬರಲೇ ಇಲ್ಲ. ಹುಡುಗರು ಎರಡು ಪಂದ್ಯ ಆಡಿದರು, ಎರಡೂ ಸೋತರು. ಬರುವಾಗ ದಾರಿಯಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು ಹಾಡು ಹೇಳುತ್ತಾ ಬಂದರು. ಸೋತ ತಂಡ ಅಷ್ಟು ಖುಷಿಯಾಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೇ ವರ್ಷ ಗೋಲಿ ಬರೋದು ನಿಲ್ಲಿಸಿದ. ಉದ್ದಗಿನ ಹುಡುಗ, ಚೆಂಡಿಗೆ ಹೆದರದವನು. ಸೋಯಾ ರಾಶಿ ಇರಬೇಕು, ಮುಗಿದ ಮೇಲೆ ಬರ್ತಾನೆ ಅಂದುಕೊಂಡೆವು. ರಾಶಿ ಮುಗೀತು, ಅವನು ಬರಲಿಲ್ಲ. ಒಂದು ದಿನ ಕ್ಲಾಸಿನ ಹೊರಗೆ ಹಿಡಿದು ಕೇಳಿದೆ.

‘ಆಟ ಬ್ಯಾಸರ ಆಯ್ತೇನೋ?’

‘ಇಲ್ರಿ ಸರ್.’ ತಲೆ ಬಗ್ಗಿಸಿದ. ‘ಪ್ರಾಕ್ಟೀಸ್ ಮುಗಿಯೋದ್ರಾಗ ನಮ್ಮೂರ್ ಕಡಿ ಬಸ್ ಹೋಗ್ತದ್ರಿ. ಹೋದ್ ವರ್ಷ ನಡ್ಕೊಂತ ಹೋಗ್ತಿದ್ದೆ. ಈಗ ಅವ್ವ ಒಲ್ಲೆ ಅಂತಾಳ.’

ಒಂದು ವರ್ಷ ಪೂರ್ತಿ ಈ ಹುಡುಗ ಆಡಿ, ಸುಸ್ತಾಗಿ, ಕತ್ತಲಲ್ಲಿ ಊರಿಗೆ ನಡೆದು ಹೋಗಿದ್ದಾನೆ. ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಎರಡನೇ ಹಾಳೆಯಲ್ಲಿ ಮೊಟ್ಟೆ ಇತ್ತು, ಸುಣ್ಣ ಇತ್ತು, ದವಾಖಾನೆ ಇತ್ತು, ಕೊನೇ ಬಸ್ ಇರಲಿಲ್ಲ. ಮಂಜುಳೆ ಆದರೂ ಮೋನಿಕಾಳನ್ನು ನೋಡಿದರು. ನಾನು ನನ್ನ ಕಣ್ಣ ಮುಂದಿನ ಗೋಲಿಯನ್ನು ನೋಡಿರಲಿಲ್ಲ. ಸಿನಿಮಾಗಳಿಗೆ ತಪ್ಪು ಹಿಡಿಯುವಾಗ ಇದನ್ನೂ ಬರೆಯಬೇಕು, ಅದಕ್ಕೇ ಬರೆದೆ.

ಅವನ ಹಿಂದೆ ಇನ್ನೂ ನಾಲ್ಕು ಜನ ಬಿಟ್ಟರು. ಹನ್ನೊಂದು ಜನ ಕೂಡಲಿಲ್ಲ. ಯಾವ ಮೀಟಿಂಗೂ ಆಗಲಿಲ್ಲ, ಯಾವ ಠರಾವೂ ಆಗಲಿಲ್ಲ. ಗೋಲ್ ಪೋಸ್ಟು ಇನ್ನೂ ನಿಂತಿವೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ಬುದ್ಧಿ ಹೇಳುವವರು ನಮ್ಮಲ್ಲಿ ಕಮ್ಮಿ ಇಲ್ಲ. ಕಬಡ್ಡಿ ಇರುವಾಗ ಫುಟ್‌ಬಾಲ್ ಯಾಕೆ ಅಂತ ಕೇಳುವವರ ಮಾತಲ್ಲೂ ತೂಕ ಇದೆ. ಎರಡನೇ ಹಾಳೆಗೆ ಸಹಿ ಹಾಕೋಕೆ ಆಗದಿದ್ದರೆ ತಂಡ ಶುರು ಮಾಡದಿರೋದೇ ವಾಸಿ, ಯಾಕಂದ್ರೆ ಒಂದು ವರ್ಷ ಆಡಿಸಿ ಬಿಟ್ಟ ಹುಡುಗನಿಗೆ ಆಗುವ ನೋವು ಆಡದೇ ಇದ್ದವನಿಗೆ ಆಗೋದಿಲ್ಲ. ಆದರೆ ಸಹಿ ಹಾಕಲು ದಾರಿಯೇ ಇಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. ಚಿಟಗುಪ್ಪ, ಹುಮನಾಬಾದ್, ಮನ್ನಾಎಖೇಳಿ ಕಡೆಯ ಕಾಲೇಜುಗಳು ಸೇರಿ ಒಬ್ಬ ಕೋಚ್ ಇಟ್ಟುಕೊಂಡರೆ 80,000 ರೂಪಾಯಿ ಮೂರು ಪಾಲಾಗುತ್ತದೆ. ಸಂಜೆಯ ಪ್ರಾಕ್ಟೀಸನ್ನು ಬೆಳಿಗ್ಗೆಗೆ ತಂದರೆ ಕೊನೇ ಬಸ್ಸಿನ ತಾಪತ್ರಯ ಇಲ್ಲ, ಅದಕ್ಕೆ ಮೊದಲ ಪಿರಿಯಡ್ ಒಂದು ತಾಸು ಮುಂದಕ್ಕೆ ಹೋಗಬೇಕು, ಅಷ್ಟೇ. ದಾನಿಗಳಿಗೆ ಜರ್ಸಿ ಬೇಡ, 120 ದಿನದ ಬಾಳೆಹಣ್ಣು ಕೊಡಿ ಅಂತ ಕೇಳಬೇಕು. ಬಾಳೆಹಣ್ಣಿನ ಮೇಲೆ ಫೋಟೋ ಹಾಕೋಕೆ ಬರೋದಿಲ್ಲ, ಆ ತೊಂದರೆ ಒಂದು ಇದೆ.

‘ಝುಂಡ್’ ನೋಡಿ, ಮೋನಿಕಾಳ ಭಾಗ ಬಂದಾಗ ಫೋನ್ ನೋಡಬೇಡಿ. ‘ಮೈದಾನ್’ ಕೂಡ ನೋಡಿ, ಕೊನೆಯ ಪಂದ್ಯ ಬಹಳ ಚೆನ್ನಾಗಿ ತೆಗೆದಿದ್ದಾರೆ. ನೋಡಿದ ಮೇಲೆ ಉಮೇದು ಬಂದು ನಿಮ್ಮ ಕಾಲೇಜಿನಲ್ಲೂ ತಂಡ ಕಟ್ಟಬೇಕು ಅನ್ನಿಸಿದರೆ, ಎಸ್ಟಿಮೇಟ್ ಬರೆಯಲು ಕೂರುವ ಮುಂಚೆ ಹುಡುಗರನ್ನು ಕರೆದು ಒಂದೇ ಪ್ರಶ್ನೆ ಕೇಳಿ: ನಿಮ್ಮೂರಿಗೆ ಕೊನೇ ಬಸ್ ಎಷ್ಟು ಗಂಟೆಗೆ?